ಕಾಲು ಮಡಚುವ ಬೀದಿ

ನಲವತ್ತೊಂದು ಹೆಬ್ಬೆಟ್ಟಿನ ಗುರುತು. ಅದರಲ್ಲಿ ಒಂದು ಅವನ ಅವ್ವನದು.

ಪ್ರೇಮ್‌ಕುಮಾರ ಆ ಕಾಗದಗಳನ್ನು ಕಾರಿನ ಸ್ಟೀರಿಂಗಿನ ಮೇಲಿಟ್ಟುಕೊಂಡು ಕೂತಿದ್ದ. ಬೆಳಿಗ್ಗೆ ಹನ್ನೊಂದು ಗಂಟೆ. ಕಾರು ಕಪಿಲೆಯ ದಂಡೆಯಲ್ಲಿ ಹುಣಸೆ ಮರದ ನೆರಳಿಗೆ ನಿಂತಿತ್ತು. ಪ್ರತಿ ಕಾಗದದಲ್ಲೂ ಒಂದೇ ಪ್ರಶ್ನೆ, ಎರಡು ಚೌಕ. ಸೋಮವಾರಗಳಂದು ಪೇಟೆ ಬೀದಿಗೆ ಕಾರು ಬಿಡಬಾರದೆಂಬ ಯೋಜನೆಗೆ ನಿಮ್ಮ ಒಪ್ಪಿಗೆ ಇದೆಯೇ? ಇದೆ. ಇಲ್ಲ. ಕೆಳಗೆ ನೇರಳೆ ಶಾಯಿಯ ಹೆಬ್ಬೆಟ್ಟು. ಚೌಕಗಳು ಮಾತ್ರ ಖಾಲಿ ಇದ್ದವು. ಪೆನ್ನು ಅವನ ಕೈಯಲ್ಲಿತ್ತು.

ನಲವತ್ತು ಕಾಗದಗಳಿಗೆ ‘ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿದ. ಮೊದಲನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಹತ್ತನೆಯದರ ಹೊತ್ತಿಗೆ ಕೈ ತಾನಾಗಿ ಓಡುತ್ತಿತ್ತು. ನಲವತ್ತೊಂದನೆಯದು ಬಂದಾಗ ಮತ್ತೆ ಕೈ ತಡೆಯಿತು. ಆ ಹೆಬ್ಬೆಟ್ಟಿನ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ. ಸೊಪ್ಪು ಕೊಯ್ಯುವಾಗ ಕುಡುಗೋಲು ಸೀಳಿದ ಹಳೆಯ ಗಾಯ. ಪೇಟೆಯಲ್ಲಿ ಇನ್ಯಾರಿಗೂ ಅಂಥ ಬೆಟ್ಟಿಲ್ಲ. ಅವನು ಕಣ್ಣು ತಪ್ಪಿಸಿ ಅದಕ್ಕೂ ಗುರುತು ಹಾಕಿದ.

ಯಾವ ಮಗನೂ ಅವ್ವನ ಬೆಟ್ಟು ಕದಿಯುವುದಕ್ಕೆಂದೇ ಗುಮಾಸ್ತನಾಗುವುದಿಲ್ಲ. ಅದಕ್ಕೆ ಒಂದಿಷ್ಟು ಕಾಲ ಹಿಡಿಯುತ್ತದೆ. ಒಂದು ಕುರ್ಚಿ ಬೇಕಾಗುತ್ತದೆ, ಒಂದು ಲೋಟ ಕಾಫಿ ಬೇಕಾಗುತ್ತದೆ. ಇವನಿಗೆ ಒಂದು ಕಾರೂ ಬೇಕಾಯಿತು.

ಅವ್ವ ಮಂಚಮ್ಮ ನಂಜನಗೂಡಿನ ಪೇಟೆ ಬೀದಿಯಲ್ಲಿ ಸೊಪ್ಪು ಮಾರಲು ಶುರುಮಾಡಿ ಇಪ್ಪತ್ತೆಂಟು ವರ್ಷವಾಗಿತ್ತು. ಹೆಡತಲೆ ಕಡೆಯ ತೋಟಗಳಲ್ಲಿ ಸೊಪ್ಪು ಕಿತ್ತು, ಕಟ್ಟು ಕಟ್ಟಿ, ನೀರು ಚಿಮುಕಿಸಿ, ಮಂಕರಿ ತುಂಬಿ ತಲೆಗೇರಿಸಿಕೊಂಡು ಮೊದಲ ಬಸ್ಸಿಗೆ ಬರುತ್ತಿದ್ದಳು. ಸೊಪ್ಪಿನ ನೀರು ಕತ್ತಿನಿಂದಿಳಿದು ಬೆನ್ನೆಲ್ಲ ತೋಯುತ್ತಿತ್ತು. ಆ ಒದ್ದೆ ರವಿಕೆಯಲ್ಲೇ ಮಧ್ಯಾಹ್ನದ ತನಕ ಕೂರಬೇಕು. ಕೂರುವ ಜಾಗವೆಂದರೆ ಚರಂಡಿಯ ಕಲ್ಲಿಗೂ ಟಾರಿಗೂ ನಡುವೆ ಒಂದು ಗೋಣಿಚೀಲದಷ್ಟು ನೆಲ.

ಮೊದಮೊದಲು ಆ ಬೀದಿಯಲ್ಲಿ ಎತ್ತಿನ ಗಾಡಿ, ಜಟಕಾ, ಸೈಕಲ್ಲು. ತೊಂಬತ್ತರ ದಶಕ ಕಳೆಯುತ್ತಿದ್ದ ಹಾಗೆ ಕಾರುಗಳು ಬಂದವು. ಮೈಸೂರಿನವು, ಬೆಂಗಳೂರಿನವು, ಊಟಿಗೆ ಹೋಗುವವು. ದೇವರ ಬಾಗಿಲ ತನಕ ಕಾರಿನಲ್ಲೇ ಹೋಗಿ ಇಳಿಯಬೇಕೆನ್ನುವ ಭಕ್ತರು. ಬೀದಿ ಹಿಗ್ಗಲಿಲ್ಲ. ಹಿಗ್ಗದ ಬೀದಿಯಲ್ಲಿ ಕಾರು ಹೋಗಬೇಕಾದರೆ ಯಾರಾದರೂ ಕುಗ್ಗಬೇಕು. ಕುಗ್ಗಿದವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಅಲ್ಲಿ ಒಂದು ಕೂಗು ಹುಟ್ಟಿಕೊಂಡಿತು. ಬೀದಿಯ ಬಾಯಲ್ಲಿ, ಕಮಾನಿನ ಬುಡದಲ್ಲಿ, ಹೂ ಮಾರುವ ಮಂಗಳಮ್ಮ ಕೂರುತ್ತಿದ್ದಳು. ಕಾರು ಒಳಗೆ ತಿರುಗಿದ್ದು ಮೊದಲು ಕಾಣುವುದು ಅವಳಿಗೆ. ಅವಳು “ಕಾಲೂ...” ಎಂದು ಕೂಗುತ್ತಿದ್ದಳು. ಪಕ್ಕದ ನಿಂಬೆಹಣ್ಣಿನವಳು ಅದನ್ನು ಹಿಡಿದು ಮುಂದಿನವಳಿಗೆ ದಾಟಿಸುತ್ತಿದ್ದಳು. ಕಾಲೂ, ಕಾಲೂ, ಕಾಲೂ. ಕೂಗು ಸಾಗಿದ ಹಾಗೆ ಸಾಲಿನಲ್ಲಿ ಕೂತ ನಲವತ್ತೆರಡು ಜನರ ಕಾಲುಗಳು ಒಬ್ಬರಾದ ಮೇಲೊಬ್ಬರದು ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಕಾರು ಮುಖಕ್ಕೆ ಹೊಗೆ ಬಿಟ್ಟು ಹೋಗುತ್ತಿತ್ತು. ಕಾಲು ಚಾಚುವಷ್ಟರಲ್ಲಿ ಮತ್ತೊಂದು ಕೂಗು. ಸೋಮವಾರ ಬಂದರೆ ದೇವಸ್ಥಾನದ ಜನ, ಕಾರಿನ ಹಿಂದೆ ಕಾರು. ಅವತ್ತು ಕಾಲು ಹೊರಗೆ ಬರುತ್ತಲೇ ಇರಲಿಲ್ಲ.

ಸಂಜೆ ಏಳುವಾಗ ಮಂಚಮ್ಮ ಎರಡು ಕೈಯನ್ನೂ ನೆಲಕ್ಕೂರಿ, ಹಸು ಏಳುವ ಹಾಗೆ ಸೊಂಟವನ್ನು ಮೊದಲೆತ್ತಿ, ಆಮೇಲೆ ಮಂಡಿ ಬಿಡಿಸಿಕೊಂಡು ಏಳುತ್ತಿದ್ದಳು. ಒಮ್ಮೆ ಕೂಗು ಕೇಳಿಸದೆ ಹೋಗಿ ಎಡಗಾಲಿನ ಎರಡು ಬೆರಳ ಮೇಲೆ ಚಕ್ರ ಹತ್ತಿತ್ತು. ಕಾರಿನವನು ಗಾಜು ಇಳಿಸಿ, “ನೋಡ್ಕೊಂಡು ಕೂತ್ಕೊಳಕ್ಕೆ ಆಗಲ್ವೇನಮ್ಮಾ?” ಎಂದು ಬೈದು ಹೋದ. ಆ ಬೆರಳುಗಳಿಗೆ ಆಮೇಲೆ ಉಗುರು ಬರಲಿಲ್ಲ.

ಆ ಮಂಕರಿಯ ದುಡಿಮೆಯಲ್ಲಿ ಪ್ರೇಮ್‌ಕುಮಾರ ಓದಿದ. ಬಿ.ಎ. ಮಾಡಿದ. ಪಟ್ಟಣದ ಪುರಸಭೆ ಕಚೇರಿಯಲ್ಲಿ ಗುಮಾಸ್ತನಾದ. ಟಿ. ನರಸೀಪುರದ ಕಡೆಯ ಬಿಂದುಶ್ರೀಯನ್ನು ಮದುವೆಯಾದ. ಬುದ್ಧನನ್ನು ಮನೆಯೊಳಗೆ ತಂದುಕೊಂಡ ಕುಟುಂಬದ ಹುಡುಗಿ, ಅಂಗನವಾಡಿಯಲ್ಲಿ ಟೀಚರು. ಎರಡು ಸಾವಿರದ ನಾಲ್ಕರಲ್ಲಿ ಅವನು ಕಾರು ಕೊಂಡ. ಯಾರೋ ಓಡಿಸಿ ಬಿಟ್ಟ ಬಿಳಿ ಮಾರುತಿ. ಅವರ ಕೇರಿಗೆ ಬಂದ ಮೊದಲ ಕಾರು ಅದು.

ಅದರ ಹಿಂದೆ ಒಂದು ಸೈಕಲ್ಲಿನ ಕಥೆ ಇತ್ತು. ಪ್ರೇಮ್‌ಕುಮಾರನಿಗೆ ಏಳು ವರ್ಷವಿದ್ದಾಗ ಅವನಪ್ಪ ಹುಚ್ಚಯ್ಯ ಒಂದು ಸೈಕಲ್ ಕೊಂಡು, ಊರ ಮೇಲಿನ ಬೀದಿಯಲ್ಲಿ ತುಳಿದುಕೊಂಡು ಬಂದ. ಜಗುಲಿಯ ಮೇಲೆ ಕೂತಿದ್ದ ಯಜಮಾನ ಇಳಿಸಿದ. ಹೊಡೆಯಲಿಲ್ಲ, ಬೈಯಲಿಲ್ಲ. “ಇಷ್ಟು ದೂರ ಅದು ನಿನ್ನ ಹೊತ್ಕೊಂಡು ಬಂತಲ್ಲ. ಇನ್ನು ನೀನು ಅದನ್ನ ಹೊತ್ಕೊಂಡು ಹೋಗು” ಎಂದ. ಹುಚ್ಚಯ್ಯ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದ. ಪೆಡಲು ತಿರುಗಿ ತಿರುಗಿ ಕೆನ್ನೆಗೆ ಬಡಿಯುತ್ತಿತ್ತು. ಜನ ಬಾಗಿಲಿಗೆ ಬಂದು ನೋಡಿದರು. ಹಿಂದೆ ಹಿಂದೆ ಪ್ರೇಮ್‌ಕುಮಾರ ನಡೆದ. ಅಪ್ಪ ಮತ್ತೆ ಆ ಸೈಕಲ್ ಹತ್ತಿದ್ದನ್ನು ಅವನು ಕಾಣಲಿಲ್ಲ. ಅದು ಗೋಡೆಗೊರಗಿಯೇ ತುಕ್ಕು ಹಿಡಿಯಿತು. ಅಪ್ಪ ಸತ್ತ ಮೇಲೆ ಅವ್ವ ಅದರ ಮೇಲೆ ಗೋಣಿಚೀಲ ಒಣಗಹಾಕಿದಳು.

ಕಾರು ತಂದ ದಿನ ಅವನು ಅದನ್ನು ಅದೇ ಬೀದಿಯಲ್ಲಿ ಮೂರು ಸಲ ಓಡಿಸಿದ. ಹಿಂದಿನ ಗಾಜಿಗೆ ನೀಲಿ ಅಕ್ಷರದಲ್ಲಿ ಜೈ ಭೀಮ್ ಎಂದು ಬರೆಸಿದ್ದ. ಜಗುಲಿ ಖಾಲಿ ಇತ್ತು. ಯಜಮಾನ ಸತ್ತು ಎಷ್ಟೋ ಕಾಲವಾಗಿತ್ತು. ಅವನ ಮಗ ಶಿವಮಲ್ಲಪ್ಪ ಪೇಟೆ ಸೇರಿ ಬಟ್ಟೆ ಅಂಗಡಿ ಇಟ್ಟಿದ್ದ. ಆದರೂ ಓಡಿಸಿದ. ಅದರಲ್ಲೇನೂ ತಪ್ಪಿಲ್ಲ. ಅಂಥ ಬೀದಿಯಲ್ಲಿ ಮೂರಲ್ಲ, ಮೂವತ್ತು ಸಲ ಓಡಿಸಿದರೂ ತಪ್ಪಿಲ್ಲ. ತಪ್ಪು ಶುರುವಾದದ್ದು ಬೇರೆ ಕಡೆ. ಆ ಕಾರಿನಲ್ಲಿ ಅವನು ಅವ್ವನ ಮಂಕರಿಯನ್ನು ಒಂದು ದಿನವೂ ಇಡಲಿಲ್ಲ.

“ಪ್ಲಾಸ್ಟಿಕ್ ಹಾಸ್ತೀನಿ, ಅತ್ತೆ ಮಂಕ್ರಿನೂ ಬರ್ಲಿ ಬಿಡಿ” ಎಂದು ಬಿಂದುಶ್ರೀ ಹೇಳಿ ನೋಡಿದ್ದಳು.

“ನೀರು ಸೋರುತ್ತೆ. ಸೀಟೆಲ್ಲ ನಾರುತ್ತೆ” ಎಂದಿದ್ದ ಅವನು.

ಹೊಸ್ತಿಲಲ್ಲಿ ನಿಂತಿದ್ದ ಮಂಚಮ್ಮನಿಗೆ ಅದು ಕೇಳಿಸಿತು. “ನಂಗೆ ಬಸ್ಸೇ ಸರಿ ಕಣವ್ವ” ಎಂದು ಮಂಕರಿಗೆ ಕೈ ಹಾಕಿದಳು.

ಆ ವರ್ಷವೇ ಕಚೇರಿಗೆ ಹೊಸ ಸಾಹೇಬರು ಬಂದರು. ಕಾರುಗಳಿಂದ ಪೇಟೆ ಬೀದಿಗೆ ಉಸಿರು ಕಟ್ಟಿದೆ, ಸೋಮವಾರ ಒಂದು ದಿನವಾದರೂ ಕಾರುಗಳು ಕಮಾನಿನ ಆಚೆ ನಿಲ್ಲಲಿ ಎಂದರು. ನದಿ ಕಡೆಯ ಬಯಲಲ್ಲಿ ಕಾರು ನಿಲ್ಲಿಸಲು ಜಾಗ, ನಡೆಯಲಾಗದ ಮುದುಕರಿಗೆ ಎರಡು ಜಟಕಾ. ನಾಲ್ಕು ಸೋಮವಾರ ನೋಡೋಣ, ಆಮೇಲೆ ಜನರನ್ನೇ ಕೇಳೋಣ, ಜನ ಹೇಳಿದಂತೆ ಮಾಡೋಣ ಎಂದರು.

ಮೊದಲ ಸೋಮವಾರ ಮಂಗಳಮ್ಮ ರೂಢಿಯ ಮೇಲೆ “ಕಾಲೂ...” ಎಂದು ಬಾಯಿ ತೆರೆದಳು. ಒಳಗೆ ಬಂದದ್ದು ಜಟಕಾ. ಅವಳಿಗೇ ನಗು ಬಂತು. ಮಂಚಮ್ಮ ಮಧ್ಯಾಹ್ನದ ತನಕ ಮಡಚಿಕೊಂಡೇ ಕೂತಿದ್ದಳು. ನಂಬಿಕೆ ಬರಲಿಲ್ಲ. ಆಮೇಲೆ ಒಂದು ಕಾಲು ಚಾಚಿದಳು. ಅತ್ತ ಇತ್ತ ನೋಡಿ ಇನ್ನೊಂದು ಚಾಚಿದಳು. ಬೀದಿಯ ಟಾರು ಹಿಮ್ಮಡಿಗೆ ಬೆಚ್ಚಗೆ ತಾಗಿತು. ಕಾರಿಲ್ಲದ ಬೀದಿಯಲ್ಲಿ ಜನ ನಿಂತು ಸೊಪ್ಪು ಮುಟ್ಟಿ ನೋಡಿದರು, ಮಾತಾಡಿಸಿದರು. ಮಂಕರಿ ಬೇಗ ಬರಿದಾಯಿತು. ಸಂಜೆ ಅವಳು ಒಂದೇ ಕೈ ಊರಿ ಎದ್ದಳು.

ಮನೆಗೆ ಬಂದವಳೇ ಸೊಸೆಯನ್ನು ಕರೆದಳು. “ಬಿಂದೂ, ಇವತ್ತು ಬೀದೀಲಿ ಕಾಲು ಚಾಚ್ಕಂಡು ಕುಂತಿದ್ದೆ ಕಣವ್ವ. ನಮ್ಮಟ್ಟಿ ಜಗಲೀಲಿ ಕುಂತಂಗೆ.”

ಪ್ರೇಮ್‌ಕುಮಾರ ಊಟ ಮಾಡುತ್ತಿದ್ದ. ಅವ್ವನ ಮುಖದಲ್ಲಿ ಅಂಥ ಹಿಗ್ಗನ್ನು ಅವನು ತನಗೆ ಕೆಲಸ ಸಿಕ್ಕಿದ ದಿನವೂ ಕಂಡಿರಲಿಲ್ಲ. ಆದರೂ ಅವನಿಗೆ ಒಳಗೊಳಗೇ ಕಸಿವಿಸಿ. ಆವತ್ತು ಅವನ ಕಾರೂ ಬಯಲಲ್ಲೇ ನಿಂತಿತ್ತು. ಕಮಾನಿನಿಂದ ಕಚೇರಿಗೆ ಅವನು ನಡೆದೇ ಹೋಗಿದ್ದ.

“ಇಷ್ಟು ಕಾಲ ನಮ್ಮನ್ನ ನಡೆಸಿದ್ರು. ನಾವು ಕಾರು ಹತ್ತಿದ ವರ್ಷವೇ ಎಲ್ಲಾರೂ ನಡೀರಿ ಅಂತಾವ್ರೆ” ಎಂದ ಬಿಂದುಶ್ರೀಗೆ.

ಮಾತಿನಲ್ಲಿ ನಿಜ ಇಲ್ಲದೆ ಇರಲಿಲ್ಲ. ಆದರೆ ಕಾರು ಹತ್ತಿದ್ದು ಅವನೊಬ್ಬ. ನಾವು ಎಂದು ಅವನು ಹೇಳಿದ್ದರಲ್ಲಿ ಅವ್ವ ಇರಲಿಲ್ಲ. ಅದು ಅವನಿಗೆ ಆಗ ಹೊಳೆಯಲಿಲ್ಲ.

ಪೇಟೆಯಲ್ಲಿ ಅದೇ ಮಾತು. ಕಾರು ಇಳಿದು ನಡಿ ಅಂದರೆ ಗಿರಾಕಿ ಮೈಸೂರಿಗೇ ಹೋಗ್ತಾನೆ ಎಂದರು ಅಂಗಡಿಯವರು. ಟ್ಯಾಕ್ಸ್ ಕಟ್ಟೋರು ನಾವು, ಬೀದಿ ಮಾತ್ರ ಸೊಪ್ಪಿನೋರಿಗಾ ಎಂದರು. ಇದೇನು ಲಂಡನ್ನಾ ಎಂದರು. ವಿಚಿತ್ರವೆಂದರೆ ಸೈಕಲ್ಲೂ ಇಲ್ಲದವರು ಕೆಲವರು ಅವರ ಜೊತೆ ಸೇರಿಕೊಂಡರು. ಮುಂದೆ ಒಂದು ದಿನ ತಮಗೂ ಕಾರು ಬಂದರೆ ಎಂಬ ಆಸೆ ಅವರದು. ಬರಲಿಲ್ಲ, ಬರುವ ಸೂಚನೆಯೂ ಇರಲಿಲ್ಲ.

ನಾಲ್ಕು ಸೋಮವಾರ ಮುಗಿದ ಮೇಲೆ ಜನರ ಅಭಿಪ್ರಾಯ ಕೇಳುವ ಕೆಲಸ ಶುರುವಾಯಿತು. ಬೀದಿ ವ್ಯಾಪಾರಿಗಳನ್ನು ಕೇಳಿ ಬರುವ ಕೆಲಸ ಪ್ರೇಮ್‌ಕುಮಾರನಿಗೆ ಬಂತು. “ನಿಮ್ಮ ಜನ ತಾನೇ, ನಿಮ್ಮ ಹತ್ರ ಬಾಯಿ ಬಿಟ್ಟು ಹೇಳ್ತಾರೆ” ಎಂದರು ಸಾಹೇಬರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಅವನು ಕಾಗದ, ಶಾಯಿ ಡಬ್ಬಿ ಹಿಡಿದು ಸಾಲಿನ ಮುಂದೆ ನಡೆದ. ಅವ್ವ ಕೂತಲ್ಲಿಂದಲೇ ಎಲ್ಲರಿಗೂ ಕೇಳುವ ಹಾಗೆ, “ನನ್ನ ಮಗ ಬಂದವ್ನೆ, ಕಾರು ಬ್ಯಾಡ ಅಂತ ಬರೆಸ್ರವ್ವಾ” ಎಂದಳು. ಯಾರೂ ಎರಡು ಮಾತಾಡಲಿಲ್ಲ. ನಿಂಬೆಹಣ್ಣಿನ ಚಿನ್ನಮ್ಮ, “ಬ್ಯಾಡ ಅಂತ ಬರ್ಕಳಪ್ಪ, ಮಂಡಿ ಬುದ್ದೋಗವೆ” ಎಂದು ಹೆಬ್ಬೆಟ್ಟು ಚಾಚಿದಳು. ಅವ್ವ ಶಾಯಿಗೆ ಬೆಟ್ಟು ಅದ್ದಿ, ಕಾಗದವನ್ನು ನೋಡದೆ ಮಗನ ಮುಖ ನೋಡಿಕೊಂಡು ಒತ್ತಿದಳು. ಅವಳು ಯಾವ ಕಾಗದಕ್ಕೂ ಹಾಗೆಯೇ ಒತ್ತುತ್ತಿದ್ದಳು. ಅವನು ಓದಲು ಕಲಿತಂದಿನಿಂದ ಅವಳಿಗೆ ಇನ್ನೊಬ್ಬರಿಂದ ಓದಿಸುವ ಅಗತ್ಯ ಬಿದ್ದಿರಲಿಲ್ಲ.

“ಚೌಕದಲ್ಲಿ ಗುರುತು ಆಮೇಲೆ ಆಫೀಸಲ್ಲಿ ಹಾಕ್ತೀನಿ” ಎಂದ ಅವನು. ಆ ಗಳಿಗೆಯಲ್ಲಿ ಅವನು ಏನನ್ನೂ ತೀರ್ಮಾನಿಸಿರಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಆದರೆ ಮಂಗಳಮ್ಮನ ಹತ್ತಿರ ಮಾತ್ರ ಅವನು ಹೋಗಲಿಲ್ಲ. ಮಂಗಳಮ್ಮ ಏಳನೇ ಕ್ಲಾಸು ಓದಿದ್ದಳು.

ಆ ಸಂಜೆ ಶಿವಮಲ್ಲಪ್ಪ ಅವನನ್ನು ಅಂಗಡಿಗೆ ಕರೆದ. ಪ್ರೇಮ್‌ಕುಮಾರ್ ಅವರೇ ಎಂದು ಕರೆದ. ಹಾಗೆ ಯಾರೂ ಅವನನ್ನು ಆ ಬೀದಿಯಲ್ಲಿ ಕರೆದಿರಲಿಲ್ಲ. ತನ್ನ ಪಕ್ಕದ ಕುರ್ಚಿ ತೋರಿಸಿದ. ತಾನು ಕುಡಿಯುವಂಥದೇ ಸ್ಟೀಲ್ ಲೋಟದಲ್ಲಿ ಕಾಫಿ ತರಿಸಿದ.

“ಮೊದ್ಲಿನ ಕಾಲ ಅಲ್ಲ ಕಣ್ರೀ ಇದು. ಈಗ ನೀವೂ ಕಾರಿನೋರು, ನಾವೂ ಕಾರಿನೋರು. ನಾವು ನಾವೇ ಬಿಟ್ಕೊಟ್ರೆ ಹೆಂಗೆ?”

ಜಗುಲಿಯ ಯಜಮಾನನ ಮಗ ಅವನನ್ನು ತಮ್ಮವರಲ್ಲಿ ಸೇರಿಸಿಕೊಂಡಿದ್ದ. ಪ್ರೇಮ್‌ಕುಮಾರನ ಕಣ್ಣ ಮುಂದೆ ಸೈಕಲ್ ಹೊತ್ತ ಅಪ್ಪ ಬಂದ. ನೋಡಪ್ಪಾ, ನಿನ್ನ ಮಗ ಎಲ್ಲಿ ಕೂತಿದ್ದಾನೆ ಎನ್ನಬೇಕೆನಿಸಿತು. ಕಾಫಿ ಕುಡಿದ. ಸಿಹಿ ಜಾಸ್ತಿಯಿತ್ತು.

“ಅಂಗಡಿಯೋರು ವಿರೋಧ ಅಂದ್ರೆ ಸಾಹೇಬ್ರು ಕೇಳಲ್ಲ. ಬೀದೀಲಿ ಕೂರೋರೇ ಕಾರು ಬೇಕು ಅಂದ್ರೆ ಬಾಯಿ ಮುಚ್ಕೋತಾರೆ” ಎಂದ ಶಿವಮಲ್ಲಪ್ಪ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಮಾರನೆಯ ದಿನ ಹನ್ನೊಂದು ಗಂಟೆಗೆ ಪ್ರೇಮ್‌ಕುಮಾರ ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿದ.

ವಾರದ ಬಳಿಕ ಛತ್ರದಲ್ಲಿ ಸಭೆ ಸೇರಿತು. ಮುಂದಿನ ಸಾಲುಗಳಲ್ಲಿ ಅಂಗಡಿಯವರು ಕುರ್ಚಿಯಲ್ಲಿ ಕೂತಿದ್ದರು. ಬೀದಿ ವ್ಯಾಪಾರಿಗಳು ಹಿಂದೆ ಗೋಡೆಗೊರಗಿ ನಿಂತಿದ್ದರು. ಸಾಹೇಬರು ಫಲಿತಾಂಶ ಓದಲು ಹೇಳಿದರು. ಪ್ರೇಮ್‌ಕುಮಾರ ಮೈಕಿನ ಮುಂದೆ ನಿಂತು ಓದಿದ. ಅಂಗಡಿಯವರದು ಓದಿದ, ಮನೆಯವರದು ಓದಿದ.

“ಬೀದಿ ವ್ಯಾಪಾರಿಗಳು. ಒಪ್ಪಿಗೆ ಇದೆ, ಒಂದು. ಇಲ್ಲ, ನಲವತ್ತೊಂದು.”

ಆ ಒಂದು ಮಂಗಳಮ್ಮನದು. ಯಾರೂ ಕೇಳಲು ಬರದೆ ಇದ್ದಾಗ ಅವಳೇ ಕಚೇರಿಗೆ ಹೋಗಿ, ಕಾಗದ ಇಸಿದುಕೊಂಡು, ತನ್ನ ಕೈಯಲ್ಲೇ ಬರೆದು ಅಲ್ಲಿಟ್ಟಿದ್ದ ಅಭಿಪ್ರಾಯದ ಡಬ್ಬಿಗೆ ಹಾಕಿದ್ದಳು.

“ಏನ್ರವ್ವಾ ಇದು? ನಾನೊಬ್ಬಳೇನಾ?” ಎಂದು ಮಂಗಳಮ್ಮ ಪಕ್ಕದವರತ್ತ ತಿರುಗಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಮೈಕಿನ ಕಡೆ ನೋಡಿದರು. ಮುಂದೆ ಶಿವಮಲ್ಲಪ್ಪ ಎದ್ದು ನಿಂತು, ಬಡವರಿಗೇ ಬೇಡವಾದ ಯೋಜನೆ ಯಾರಿಗೆ ಸ್ವಾಮಿ ಎಂದು ಕೈ ಮುಗಿದ. ಚಪ್ಪಾಳೆ ಬಿತ್ತು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ಯೋಜನೆ ಕೈಬಿಟ್ಟಿದ್ದೇವೆ ಎಂದರು.

ಪ್ರೇಮ್‌ಕುಮಾರ ಅವ್ವನನ್ನೇ ನೋಡುತ್ತಿದ್ದ. ಅವಳು ಕೂಗಲಿ ಎಂದುಕೊಂಡ. ಕೂಗಿದ್ದರೆ ಅವನಿಗೆ ಉಸಿರು ಬರುತ್ತಿತ್ತು. ಮಂಚಮ್ಮ ಕೂಗಲಿಲ್ಲ. ಬಲಗೈ ಎತ್ತಿ ತನ್ನ ಹೆಬ್ಬೆಟ್ಟನ್ನು ನೋಡಿಕೊಂಡಳು. ಬೇರೆ ಯಾರದೋ ಬೆಟ್ಟು ನೋಡುವ ಹಾಗೆ ನೋಡಿದಳು. ಆಮೇಲೆ ಸೆರಗು ಹೊದ್ದು ಹೊರಗೆ ಹೋದಳು. ಅವಳು ಬಾಯಿ ಬಿಟ್ಟಿದ್ದರೆ ಅವನ ಕೆಲಸ ಹೋಗುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿತ್ತೆಂಬುದು ಅವನಿಗೂ ಗೊತ್ತಿತ್ತು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮನೆಯಲ್ಲಿ ಅವ್ವ ಎಂದಿನಂತೆ ಮುದ್ದೆ ಬಡಿಸಿದಳು. ಬಿಂದುಶ್ರೀ ಕೇಳಿದಳು. “ಚಿನ್ನಮ್ಮ ಅಂದದ್ದು ನಿಜವಾ? ಗುರುತು ನೀವೇ ತಿರುಗಿಸಿ ಹಾಕಿದ್ರಾ?” ಅವನು ಮುದ್ದೆ ಮುರಿಯುತ್ತಾ ಕೂತ. “ನಿಜ ಅಂತಾಯ್ತು. ನಾನಿನ್ನು ಆ ಕಾರಿಗೆ ಕಾಲಿಡಲ್ಲ” ಎಂದು ಅವಳು ಎದ್ದುಹೋದಳು. ಅವ್ವನ ಬೈಗುಳಕ್ಕೆ ಅವನು ಮೂರು ದಿನ ಕಾದ. ಬೈಗುಳ ಬರಲಿಲ್ಲ. ತಟ್ಟೆಗೆ ಊಟ ಬರುತ್ತಿತ್ತು.

ಶಿವಮಲ್ಲಪ್ಪ ಕಚೇರಿಗೇ ಬಂದು ಹೇಳಿದ. “ಈ ಸೋಮವಾರ ಮೊದಲ ಕಾರು ನಿಮ್ಮದೇ ಬರ್ಲಿ. ಸೊಪ್ಪಿನೋರ ಮಗನೇ ತಂದ ಅಂದ್ರೆ ಆಮೇಲೆ ಯಾರೂ ಉಸಿರೆತ್ತಲ್ಲ.”

ಅದರ ಅರ್ಥ ಪ್ರೇಮ್‌ಕುಮಾರನಿಗೆ ಚೆನ್ನಾಗಿ ಆಯಿತು. ಕುರ್ಚಿ ಯಾಕೆ ಕೊಟ್ಟರು, ಕಾಫಿ ಯಾಕೆ ಕೊಟ್ಟರು ಎಲ್ಲ ಆಯಿತು. ಆದರೂ ಹೋದ. ಒಂದು ಸಲ ಓಡಿಸಿಬಿಟ್ಟರೆ ಎಲ್ಲ ಮಾಮೂಲಾಗುತ್ತದೆ ಎಂದುಕೊಂಡ. ತಪ್ಪು ಮಾಡಿದವನ ಬುದ್ಧಿ ಹೀಗೇ ಓಡುತ್ತದೆ.

ಸೋಮವಾರ ಒಂಬತ್ತೂವರೆ. ಕಮಾನಿನ ಹತ್ತಿರ ಕಾರು ತಿರುಗಿಸಿದ. ಹಿಂದೆ ನಾಲ್ಕೈದು ಕಾರುಗಳು ಅವನಿಗಾಗಿಯೇ ಕಾದಿದ್ದವು. ಮಂಗಳಮ್ಮ ಅವನನ್ನು ನೋಡಿದಳು. ಕಾರಿನ ಹಿಂದೆ ಬರೆಸಿದ್ದನ್ನೂ ನೋಡಿದಳು. ಆಮೇಲೆ ಕೂಗಿದಳು.

“ಕಾಲೂ...”

ಚಿನ್ನಮ್ಮ ಅದನ್ನು ದಾಟಿಸಿದಳು. ಕಾಲುಗಳು ಮಡಚಿದವು. ಒಂದು, ಎರಡು, ಮೂರು, ನಾಲ್ಕು. ಐದನೆಯವಳು ಮಂಚಮ್ಮ. ಅವಳಲ್ಲಿಗೆ ಬಂದು ಕೂಗು ನಿಂತಿತು. ಅವಳು ಅದನ್ನು ಮುಂದೆ ದಾಟಿಸಲಿಲ್ಲ. ಮಡಚಿಕೊಂಡಿದ್ದ ಎರಡು ಕಾಲುಗಳನ್ನೂ ಕೈಯಲ್ಲಿ ಹಿಡಿದು ಒಂದೊಂದಾಗಿ ಎತ್ತಿ ಬೀದಿಗೆ ಚಾಚಿದಳು. ಉಗುರಿಲ್ಲದ ಎರಡು ಬೆರಳು ಕಾರಿನ ಚಕ್ರದ ಮುಂದೆ ಬಂದವು.

ಪ್ರೇಮ್‌ಕುಮಾರ ಬ್ರೇಕ್ ತುಳಿದ. ಹಿಂದಿನ ಕಾರುಗಳು ಹಾರ್ನು ಹೊಡೆದವು. ಅವನು ಇಳಿದು ಬಂದು ಬಗ್ಗಿದ.

“ಅವ್ವಾ, ಹಿಂದೆ ಕಾರು ನಿಂತವೆ. ಕಾಲು ತಗಿ.”

“ತಗಿಯಕ್ಕಿಲ್ಲ.”

“ಅವ್ವಾ...”

“ಕಾರು ಬೇಕು ಅಂತ ಎಬ್ಬೆಟ್ಟು ಒತ್ತಿವ್ನಂತಲ್ಲ ನಾನು. ಮೈಕಲ್ಲಿ ಓದ್ದಲ್ಲ ನೀನು. ಬೇಕು ಅಂದೋಳ ಕಾಲಿನ ಮೇಲೆ ಅತ್ತಿಸೋಕೆ ಏನ್ಲಾ ಕಷ್ಟ? ಅತ್ತಿಸು.”

ಚಿನ್ನಮ್ಮ ಕಾಲು ಚಾಚಿದಳು. ಆಚೆ ಬದನೆಕಾಯಿ ಮಾರುವವಳು ಚಾಚಿದಳು. ಕೂಗಿಲ್ಲದೆಯೇ ಅದು ಸಾಲಿನುದ್ದಕ್ಕೂ ಹೋಯಿತು. ಒಡೆದ ಹಿಮ್ಮಡಿಗಳು, ಮಣ್ಣು ಮೆತ್ತಿದ ಪಾದಗಳು, ಮಂಡಿ ಊದಿದ ಕಾಲುಗಳು. ಬೀದಿಯ ಅರ್ಧ ತುಂಬಿತು.

“ಅಪ್ಪಂಗೆ ಸೈಕಲ್ಲು ಹೊರಿಸಿದ್ರಲ್ಲವ್ವಾ” ಎಂದ ಪ್ರೇಮ್‌ಕುಮಾರ. “ಅದಕ್ಕೇ ನಾನು ಕಾರು...”

“ನಿಮ್ಮಪ್ಪ ಸೈಕಲ್ಲು ತುಳ್ದಿದ್ದು ಯಾರ ಕಾಲಿನ ಮೇಲೂ ಅತ್ತಿಸೋಕಲ್ಲ ಕಣ್ಲಾ.”

ಅವನು ನೆಟ್ಟಗಾದ. ಅಷ್ಟರಲ್ಲಿ ಶಿವಮಲ್ಲಪ್ಪ ಅಂಗಡಿಯಿಂದಿಳಿದು ಬಂದ.

“ಏನಮ್ಮಾ ಇದು ಗಲಾಟೆ? ಒಪ್ಪಿಗೆ ಇಲ್ಲ ಅಂತ ನೀವೇ ತಾನೇ ಬೆಟ್ಟು ಒತ್ತಿದ್ದು? ಹೇಳ್ರೀ ಪ್ರೇಮ್‌ಕುಮಾರ್ ಅವರೇ, ನಿಮ್ಮ ತಾಯಿಗೆ ಹೇಳ್ರೀ.”

ಮಂಚಮ್ಮ ಮಗನ ಕಡೆ ನೋಡಲಿಲ್ಲ. ಮಂಕರಿಯ ಸೊಪ್ಪಿಗೆ ನೀರು ಚಿಮುಕಿಸಿದಳು. ಈಗಲೂ ಅವಳು ತನ್ನನ್ನು ಬಿಟ್ಟುಕೊಡುವವಳಲ್ಲ ಎಂದು ಅವನಿಗೆ ತಿಳಿಯಿತು. ಅದೇ ಅವನಿಗೆ ತಡೆಯಲಾಗಲಿಲ್ಲ.

“ಅವರು ಹೇಳಿದ್ದು ಕಾರು ಬೇಡ ಅಂತ” ಎಂದ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. “ನಲವತ್ತೊಂದು ಜನಾನೂ ಬೇಡ ಅಂದ್ರು. ಉಲ್ಟಾ ಗುರುತು ಹಾಕಿದ್ದು ನಾನು.”

ಶಿವಮಲ್ಲಪ್ಪನ ಮುಖ ಬದಲಾಯಿತು. “ಏನ್ಲಾ ಬೊಗಳ್ತಿದೀಯ? ಹುಚ್ಚಯ್ಯನ ಮಗ ಅಲ್ವೇನ್ಲಾ ನೀನು? ಕೂರ್ಸಿ ಕಾಫಿ ಕೊಟ್ಟಿದ್ದು ಹೆಚ್ಚಾಯ್ತು.”

ಒಂದು ನಿಮಿಷದ ಹಿಂದಿನ ಮರ್ಯಾದೆ ಅಷ್ಟು ಬೇಗ ಇಳಿದುಹೋಯಿತು. ಪ್ರೇಮ್‌ಕುಮಾರನಿಗೆ ಸಿಟ್ಟು ಬರಲಿಲ್ಲ. ಆ ಮರ್ಯಾದೆಗೆ ತಾನು ಏನು ಕೊಟ್ಟಿದ್ದೆನೆಂಬುದು ನೆನಪಾಗಿ ನಾಚಿಕೆ ಬಂತು. ಅವನು ಕಾರಿನ ಎಂಜಿನ್ ಆರಿಸಿದ. ಕೀಲಿ ಜೇಬಿಗೆ ಹಾಕಿದ. ಕಾರು ಬೀದಿಗೆ ಅಡ್ಡಲಾಗಿಯೇ ನಿಂತಿತು. ಹಿಂದಿನವರು ಬೈದರು, ಹಾರ್ನು ಹೊಡೆದರು, ಕೊನೆಗೆ ಒಬ್ಬೊಬ್ಬರಾಗಿ ಹಿಂದಕ್ಕೆ ಹೋದರು.

ಹಿಂದಿನ ಸೀಟಿನಲ್ಲಿ ಉಳಿದ ಖಾಲಿ ಕಾಗದಗಳಿದ್ದವು. ಶಾಯಿ ಡಬ್ಬಿಯೂ ಇತ್ತು. ಅವನ್ನು ತಂದು ಅವ್ವನ ಗೋಣಿಚೀಲದ ಮುಂದೆ, ಟಾರಿನ ಮೇಲೆ ಕೂತ. ಬಿಸಿಲು ಏರಿತ್ತು. ಮಡಚಿದ ಮಂಡಿ ಸ್ವಲ್ಪ ಹೊತ್ತಿಗೇ ನೋಯತೊಡಗಿತು. ಕೆಲಸ ಹೋಗುತ್ತದೆ ಎಂದು ಗೊತ್ತಿತ್ತು. ಹೋಗಲಿ ಎನ್ನುವಷ್ಟು ಧೈರ್ಯ ಅವನಿಗಿರಲಿಲ್ಲ. ಹೆದರಿಕೆಯಲ್ಲೇ ಬರೆದ. ಈ ಸಲ ಎಲ್ಲರ ಎದುರಿಗೇ ‘ಇದೆ’ ಎಂಬ ಚೌಕದಲ್ಲಿ ಗುರುತು ಹಾಕಿದ. ಕೆಳಗೆ, ಮೊದಲಿನ ಕಾಗದದಲ್ಲಿದ್ದದ್ದು ಸುಳ್ಳು, ಅದನ್ನು ತುಂಬಿದವನು ನಾನು ಎಂದು ಬರೆದು ತನ್ನ ಸಹಿ ಹಾಕಿದ. ಓದಿ ಹೇಳಿ ಚಿನ್ನಮ್ಮನಿಗೆ ಕೊಟ್ಟ.

ಚಿನ್ನಮ್ಮ ಕಾಗದ ಇಸಿದುಕೊಂಡಳು. ಶಾಯಿ ಡಬ್ಬಿ ಮುಟ್ಟಲಿಲ್ಲ. ಎದ್ದು ಕಮಾನಿನ ಬುಡಕ್ಕೆ ಹೋಗಿ ಮಂಗಳಮ್ಮನ ಕೈಗೆ ಕೊಟ್ಟಳು. ಮಂಗಳಮ್ಮ ಹೂವಿನ ಬುಟ್ಟಿ ಪಕ್ಕಕ್ಕೆ ಸರಿಸಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು. “ಅವ್ನು ಯೋಳ್ದಂಗೇ ಅದೆ ಕಣಕ್ಕ” ಎಂದಳು. ಆಮೇಲೆ ಚಿನ್ನಮ್ಮ ಬಂದು ಹೆಬ್ಬೆಟ್ಟು ಒತ್ತಿದಳು. ಬದನೆಕಾಯಿಯವಳೂ ಹಾಗೇ ಮಾಡಿದಳು. ಅವಳ ಹಿಂದೆ ಇನ್ನೊಬ್ಬಳು. ನಲವತ್ತು ಜನ ಅವನ ಕೈಯಿಂದ ಕಾಗದ ತೆಗೆದುಕೊಂಡು, ಮಂಗಳಮ್ಮನಿಂದ ಓದಿಸಿಕೊಂಡು ಬಂದು ಒತ್ತಿದರು. ಅವನು ತಲೆ ತಗ್ಗಿಸಿ ಶಾಯಿ ಡಬ್ಬಿ ಹಿಡಿದುಕೊಂಡಿದ್ದ.

ಕೊನೆಗೆ ಅವ್ವನ ಕಾಗದ ಉಳಿಯಿತು. ಅದನ್ನು ಎಲ್ಲಕ್ಕಿಂತ ನಿಧಾನವಾಗಿ ಬರೆದ. ಮಂಚಮ್ಮ, ಹುಚ್ಚಯ್ಯನ ಹೆಂಡತಿ, ಸೊಪ್ಪಿನ ವ್ಯಾಪಾರ. ಗುರುತು ಹಾಕಿದ. ಒಂದು ಸಲಕ್ಕೆ ಎರಡು ಸಲ ಓದಿದ. ಮಂಚಮ್ಮ ಕೇಳಿಸಿಕೊಂಡಳು. ಶಾಯಿ ಡಬ್ಬಿಯ ಮುಚ್ಚಳ ತೆಗೆದು ಅವನು ಅವಳ ಮುಂದೆ ಹಿಡಿದ. ಬೇರೆಯವರು ಹೇಗೇ ಮಾಡಲಿ, ಅವ್ವ ಎಂದಿನ ಹಾಗೆ ತನ್ನ ಮುಖ ನೋಡಿಕೊಂಡು ಒತ್ತುತ್ತಾಳೆ ಎಂದು ಅವನಿಗೆ ಒಳಗೆಲ್ಲೋ ಆಸೆಯಿತ್ತು.

ಮಂಚಮ್ಮ ಕಾಗದ ತೆಗೆದುಕೊಂಡಳು. ಅದನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಯನ್ನೂ ನೆಲಕ್ಕೂರಿ, ಸೊಂಟವನ್ನು ಮೊದಲೆತ್ತಿ, ಮಂಡಿ ಬಿಡಿಸಿಕೊಂಡು ಎದ್ದಳು. ಅವನು ಹಿಡಿಯಲು ಕೈ ಚಾಚಿದ. ಅವಳು ಹಿಡಿಯಲಿಲ್ಲ. ಎಡಗಾಲು ಎಳೆದುಕೊಂಡು ಅವನ ಕಾರನ್ನು ಬಳಸಿ ಕಮಾನಿನ ಕಡೆಗೆ ನಡೆದಳು.

“ಮಂಗಳಾ, ನನ್ನ ಮಗ ಇದ್ರಲ್ಲಿ ಏನು ಬರ್ದವ್ನೆ, ಒಸಿ ಓದವ್ವಾ” ಎಂದು ಅವಳು ಕೇಳಿದ್ದು ಅವನಿಗೆ ಕೂತಲ್ಲಿಗೇ ಕೇಳಿಸಿತು.